ವಿರೂಪಣ್ಣನ ಪ್ಯಾಂಟು

ಎಲ್ಲವೂ ಮಾಮೂಲಿಯಾಗಿದ್ದ ಕೊನೆಯ ದಿನ ಒಂದು ಮಂಗಳವಾರ. ಆ ದಿನ ಗಮನಿಸಬೇಕಾದ ಯಾವುದನ್ನೂ ನಾನು ಗಮನಿಸಲಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಟೇಲರ್ ಅಂಗಡಿಯಲ್ಲಿ ನಾನು ಮಷೀನಿನ ಮುಂದೆ ಕೂತು ಜೇಬು ಹೊಲಿಯುತ್ತಿದ್ದೆ. ನನ್ನ ಹೆಂಡತಿ ಅನಸೂಯಾ ಮೂಲೆಯ ಕಂಪ್ಯೂಟರಿನಲ್ಲಿ ಸಿರುಗುಪ್ಪದ ಶಾಲೆಯೊಂದರ ಮಕ್ಕಳ ಅಳತೆಗಳನ್ನು ಕುಟ್ಟುತ್ತಿದ್ದಳು. ಆ ಶಾಲೆಯ ಸಮವಸ್ತ್ರದ ಪ್ಯಾಂಟುಗಳನ್ನು ಹನ್ನೊಂದು ವರ್ಷಗಳಿಂದ ನಾವೇ ಹೊಲಿಯುವುದು. ಪ್ರತಿ ವರ್ಷ ಇಬ್ಬರೂ ಬಸ್ಸಿನಲ್ಲಿ ಹೋಗುತ್ತೇವೆ. ನಾನು ಟೇಪು ಹಿಡಿದು ಕೂಗುತ್ತೇನೆ, ಅವಳು ಹಾಳೆಯ ಮೇಲೆ ಬರೆದುಕೊಳ್ಳುತ್ತಾಳೆ, ಬಂದ ಮೇಲೆ ಶಾಲೆಯವರು ಹೇಳಿದ ವೆಬ್‌ಸೈಟಿನಲ್ಲಿ ತುಂಬುತ್ತಾಳೆ. ಆಮೇಲೆ ಆ ಹಾಳೆಗಳನ್ನೇ ಅಂಟಿಸಿ ನನಗೆ ಕಟಿಂಗಿನ ನಮೂನೆ ಕತ್ತರಿಸಿಕೊಡುತ್ತಾಳೆ. ಕಾಗದ ಹಾಳು ಮಾಡಿದರೆ ಅವಳಿಗೆ ಆಗುತ್ತಿರಲಿಲ್ಲ.

ಸಂಜೆ ಕೊನೆಯ ಹುಡುಗನ ಅಳತೆ ಮುಗಿಸಿ, "ಮತ್ತ ಪಾಸ್‌ವರ್ಡ್ ಬದಲಿ ಮಾಡು ಅಂತೈತಿ ನೋಡ್ರಿ. ಇದಕ್ಕ ನನ್ನ ಮ್ಯಾಲೆ ನಂಬಿಕಿನ ಇಲ್ಲ" ಅಂದಳು. ಬಾಯಲ್ಲಿ ದಾರವಿತ್ತು, ನಾನು "ಹ್ಞೂಂ" ಅಂದೆ. ಮರುದಿನ ಬೆಳಿಗ್ಗೆ ನೀರು ತುಂಬುತ್ತ ಕುಸಿದಳು. ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಅಂಗಡಿ ತೆರೆದು ಅಳತೆ ಪುಸ್ತಕ ನೋಡಿದೆ. ಕೊನೆಯ ಪುಟದಲ್ಲಿ ಅವಳ ಅಕ್ಷರ: "ವಿರೂಪಣ್ಣ, ಕುರುಗೋಡು. ಸೊಂಟ 46, ಉದ್ದ 23, ತೊಡೆ 31, ಬಾಟಂ 29." ನಾನಿಲ್ಲದ ಹೊತ್ತಿಗೆ ಬಂದ ಗಿರಾಕಿಯಿರಬೇಕು ಎಂದುಕೊಂಡೆ. ಸೊಂಟ ನಲವತ್ತಾರು, ಉದ್ದ ಇಪ್ಪತ್ಮೂರು ಅಂದರೆ ಮನುಷ್ಯ ನಿಂತರೂ ಕೂತ ಹಾಗೇ ಕಾಣಬೇಕು. ಆದರೆ ಟೇಲರ್ ಆದವನು ಮೈಕಟ್ಟಿನ ಬಗ್ಗೆ ಪ್ರಶ್ನೆ ಕೇಳಬಾರದು. ಟೇಪು ಸುತ್ತಿದೊಡನೆ ಉಸಿರು ಬಿಗಿಹಿಡಿದು ಎರಡು ಇಂಚು ಕಳೆದುಕೊಳ್ಳುವ ಗಂಡಸರನ್ನು ನಾನು ಜೀವನವಿಡೀ ನೋಡಿದ್ದೇನೆ. ಅವರ ಸುಳ್ಳಿಗೆ ಒಂದೂವರೆ ಇಂಚು ಸೇರಿಸಿಯೇ ಕತ್ತರಿ ಹಾಕುತ್ತೇನೆ. ಈ ವಿರೂಪಣ್ಣ ಉಸಿರು ಹಿಡಿದ ಮೇಲೂ ನಲವತ್ತಾರು ಇದ್ದರೆ ಅವನ ಕಷ್ಟ ಅವನಿಗೆ. ಅವಳು ಬರೆದಿಟ್ಟ ಕೊನೆಯ ಆರ್ಡರು ಅದು. ಒಳ್ಳೆಯ ಬಟ್ಟೆ ತೆಗೆದು, ಎರಡು ಹೊಲಿಗೆ ಹಾಕಿ, ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿದೆ.

ಎರಡು ತಿಂಗಳಾದರೂ ಯಾರೂ ಬರಲಿಲ್ಲ. ಅಂಗಡಿಗೆ ಬಂದವರೆಲ್ಲ, "ಇದ್ಯಾರದ್ರಿ ಮಾಸ್ತರ, ಡೊಳ್ಳಿಗೆ ಗವಸಣಿಗಿ ಹೊಲಿದೀರೇನು?" ಎಂದು ಕೇಳಿ ಹೋದರು. "ಕುರುಗೋಡಿನ ದೊಡ್ಡ ಮನುಷ್ಯರದು" ಎಂದು ನಾನು ಬಿಗಿಯಾಗಿ ಹೇಳುತ್ತಿದ್ದೆ.

ಈ ನಡುವೆ ಕಂಪ್ಯೂಟರ್ ತನ್ನಷ್ಟಕ್ಕೆ ಅಪ್‌ಡೇಟ್ ಆಯಿತು. ಯಾರೂ ಕೇಳಿರಲಿಲ್ಲ. ಅರ್ಧ ದಿನ "ಆರಿಸಬೇಡಿ" ಎಂದು ಹೇಳಿಕೊಂಡು ಕೂತಿತ್ತು. ನಾನೂ ಅದರ ಮುಂದೆ ಆರಿಸದೆ ಕೂತಿದ್ದೆ. ಅಲ್ಲಿಯವರೆಗೆ ಅನಸೂಯಾ ತೋರಿಸಿದ ಚಿತ್ರದ ಮೇಲೆ ಒತ್ತಿದರೆ ಶಾಲೆಯ ಪುಟ ತಾನೇ ತೆರೆಯುತ್ತಿತ್ತು. ಈಗ ತೆರೆದಂತೆ ಮಾಡಿ ಮತ್ತೆ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. "ಕುಕೀಗಳನ್ನು ಅನುಮತಿಸಿ" ಎಂದಿತು. ಅನುಮತಿ ಕೊಡಲು ನನ್ನದೇನೂ ಅಡ್ಡಿಯಿರಲಿಲ್ಲ, ಎಲ್ಲಿ ಕೊಡಬೇಕೆಂದು ತಿಳಿಯಲಿಲ್ಲ.

ಪಕ್ಕದಲ್ಲಿ ಟೈಪಿಂಗ್ ಅಂಗಡಿ ಇಟ್ಟಿರುವ ರಜಿಯಾ ಬೇಗಂ ಬಂದರು. ನನಗಿಂತ ಎರಡು ವರ್ಷ ದೊಡ್ಡವರು, ಮೂಗಿನ ತುದಿಯ ಕನ್ನಡಕ. "ಬಟ್ಟಿಗೆ ಚೀಟಿ ಚುಚ್ಚಿ ಇಡ್ತೀರಲ್ಲ ಮಾಸ್ತರ, ಇದು ಇಂಥವರದು ಅಂತ? ಕುಕೀ ಅಂದ್ರ ಅಂಥಾ ಚೀಟಿ. ಅಪ್‌ಡೇಟ್ ಬಂದು ಕಸ ಹೊಡದೈತಿ, ಚೀಟಿ ಹೋಗ್ಯಾವ. ಈಗ ಅದಕ್ಕ ನೀವ್ಯಾರೋ, ನಾನ್ಯಾರೋ." ಅವರು ಉಳಿದಿದ್ದ ಹಳೆಯ ಚೀಟಿಗಳನ್ನೂ ಗುಡಿಸಿದರು, ಹೊಸದಕ್ಕೆ ಅನುಮತಿ ಕೊಟ್ಟರು, ಆರಿಸಿ ಹಚ್ಚಿದರು. "ಎಲ್ಲಾ ಚೊಕ್ಕ ಆತು" ಅಂದರು. ಚೊಕ್ಕವಾದ ಪುಟ ಪಾಸ್‌ವರ್ಡ್ ಕೇಳಿತು.

ಅನಸೂಯಾಳ ಹೆಸರು ಹಾಕಿದೆವು, ತಪ್ಪು ಎಂದಿತು. ನನ್ನ ಹೆಸರು ಹಾಕಿದೆವು, ಅದೂ ತಪ್ಪು. ಸ್ವಲ್ಪ ಬೇಸರವಾಯಿತು. ಮರೆತವರಿಗೆ ಗುಟ್ಟಿನ ಸಂಖ್ಯೆ ಕಳಿಸುತ್ತಾರಂತೆ, ಅವಳ ಫೋನಿಗೆ. ಆ ಫೋನನ್ನು ನಾನು ಕುರುಗೋಡಿನ ಅವಳ ಅಕ್ಕ ನೀಲಮ್ಮನಿಗೆ ಕೊಟ್ಟುಬಿಟ್ಟಿದ್ದೆ. ಶಾಲೆಗೆ ಫೋನ್ ಮಾಡಿದರೆ ಅವರು, "ಶನಿವಾರದೊಳಗ ಪಟ್ಟಿ ಒಪ್ಪಿಗಿ ಕೊಡ್ರಿ, ಇಲ್ಲಾಂದ್ರ ಈ ವರ್ಷ ರೆಡಿಮೇಡ್ ತರಸ್ತೀವಿ" ಅಂದರು. ಮಕ್ಕಳಿಗೆ ಬೇಸಿಗೆ ರಜೆ, ಮತ್ತೆ ಅಳೆಯುವಂತಿಲ್ಲ. ಬರೆದ ಹಾಳೆಗಳಲ್ಲಿ ನನ್ನ ಬಳಿ ಉಳಿದದ್ದು ಪ್ಯಾಂಟಿನ ಆಕಾರದಲ್ಲಿ ಕತ್ತರಿಸಿದ ಏಳನೇ ತರಗತಿಯ ಎಡಗಾಲು ಮಾತ್ರ. ರಜಿಯಾ ಅವರಿಗೆ ಹೇಳದೇ ಇದ್ದ ಮಾತು ಇನ್ನೊಂದಿತ್ತು: ಆ ಪಟ್ಟಿ ಅವಳು ಮಾಡಿದ ಕೊನೆಯ ಕೆಲಸ. ಅದು ಒಳಗೆ ಉಳಿದು ನಾನು ಹೊರಗೆ ಉಳಿಯುವುದು ನನಗೆ ಬೇಡವಾಗಿತ್ತು.

ಶುಕ್ರವಾರ ಕುರುಗೋಡಿನ ಬಸ್ ಹತ್ತಿದೆ. ಹೇಗೂ ಹೋಗುತ್ತಿದ್ದೇನಲ್ಲ ಎಂದು ವಿರೂಪಣ್ಣನ ಪ್ಯಾಂಟನ್ನೂ ಕವರಿನಲ್ಲಿ ಹಾಕಿಕೊಂಡೆ. ನೀಲಮ್ಮ ನನ್ನನ್ನು ನೋಡಿ, "ಏನಪ್ಪಾ ಟೇಲರ, ದಾರಿ ತಪ್ಪಿ ಬಂದಿಯೇನು?" ಅಂದು ನೀರು ಕೊಟ್ಟಳು. ಫೋನಿನ ವಿಷಯ ಕೇಳಿದೆ. "ಆ ನಂಬರ್ ಎಂದೋ ಬಂದ್ ಆತು. ನಾ ನನ್ನ ಸಿಮ್ ಹಾಕೀನಿ" ಅಂದಳು. ಬಂದ ಕೆಲಸ ಅಲ್ಲಿಗೇ ಕೆಟ್ಟಿತು. ಇನ್ನೊಂದಾದರೂ ಆಗಲಿ ಎಂದು, "ನಿಮ್ಮ ಊರಾಗ ವಿರೂಪಣ್ಣ ಅನ್ನೋರ ಮನಿ ಎಲ್ಲೈತಿ? ಪ್ಯಾಂಟು ಕೊಡಬೇಕು" ಅಂದೆ.

"ಯಾ ವಿರೂಪಣ್ಣ?"

ಪ್ಯಾಂಟನ್ನು ಬಿಡಿಸಿ ತೋರಿಸಿದೆ. ನೀಲಮ್ಮ ಅದನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ಪುಸ್ತಕದಲ್ಲಿ ಅನಸೂಯಾ ಬರೆದಿದ್ದಳು ಎಂದೆ. ನೀಲಮ್ಮ ಕಟ್ಟೆಯ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. "ಲೇ, ವಿರೂಪಣ್ಣ ನಾವು ಸಣ್ಣವರಿದ್ದಾಗ ನಮ್ಮಪ್ಪ ಸಾಕಿದ್ದ ಟಗರು. ಚಿಕ್ಕಪ್ಪನ ಮ್ಯಾಲಿನ ಸಿಟ್ಟಿಗೆ ಅವನ ಹೆಸರಿಟ್ಟಿದ್ದ. ಟಗರಿಗೆ ಪ್ಯಾಂಟು ಹೊಲದಿಯೇನೋ ಪುಣ್ಯಾತ್ಮ? ಅದೂ ಇಸ್ತ್ರಿ ಮಾಡಿ?" ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು, ಒರೆಸಿಕೊಳ್ಳುವುದು ಸ್ವಲ್ಪ ಹೆಚ್ಚು ಹೊತ್ತೇ ನಡೆಯಿತು. ಆಮೇಲೆ ಅಂದಳು: "ಸಾಲಿಗೆ ಹೋಗುವಾಗಿಂದ ಅಕಿದು ಅದ ಚಾಳಿ. ಯಾರಿಗೂ ತಿಳಿಬಾರದ್ದನ್ನ ಟಗರಿನ ಹೆಸರ್ಲೆ ಬರದಿಡ್ತಿದ್ಲು."

ಆಗ ನನ್ನ ತಲೆಗೆ ಹೋಯಿತು. ಆ ಮಂಗಳವಾರದ ಪಾಸ್‌ವರ್ಡನ್ನು ಅವಳು ಅಳತೆ ಪುಸ್ತಕದಲ್ಲಿ, ಯಾವ ಕಳ್ಳನೂ ಹುಡುಕದ ಜಾಗದಲ್ಲಿ ಬಚ್ಚಿಟ್ಟಿದ್ದಳು. ನಾನು ಅದನ್ನು ಹೊಲಿದು ಎರಡು ತಿಂಗಳು ಬೀದಿಗೆ ಕಾಣುವಂತೆ ತೂಗುಹಾಕಿದ್ದೆ.

ಶನಿವಾರ ಬೆಳಿಗ್ಗೆ ರಜಿಯಾ ಇಂಗ್ಲಿಷಿನಲ್ಲಿ ವಿರೂಪಣ್ಣ ಎಂದು ಕುಟ್ಟಿ, ಮುಂದೆ ನಾಲ್ಕೂ ಅಳತೆ ಸೇರಿಸಿದರು. ತಪ್ಪು. ಇನ್ನೊಂದು ಸಲ ತಪ್ಪಿದರೆ ಸೋಮವಾರದವರೆಗೆ ಬಾಗಿಲು ಮುಚ್ಚುವುದಾಗಿ ಪುಟ ತಿಳಿಸಿತು. ರಜಿಯಾ ಕನ್ನಡಕ ಒರೆಸಿ, "ಮೊದಲನೇ ಅಕ್ಷರ ದೊಡ್ಡದೋ, ಸಣ್ಣದೋ?" ಅಂದರು. ನೀಲಮ್ಮನಿಗೆ ಫೋನ್ ಹಚ್ಚಿದೆ. "ಓಣಿಯೆಲ್ಲಾ ಹೆದರತಿತ್ತು ಅದಕ್ಕ. ದೊಡ್ಡದ ಹಾಕು" ಅಂದಳು.

ತೆರೆಯಿತು. ನೂರ ನಲವತ್ತೆರಡು ಮಕ್ಕಳೂ ಸಾಲಾಗಿ ಇದ್ದರು, ಒಬ್ಬರ ಜೇಬಿನ ಅಳತೆಯೂ ತಪ್ಪಿರಲಿಲ್ಲ. ಒಪ್ಪಿಗೆ ಒತ್ತಿದೆ. ಒತ್ತಿದ ಮೇಲೆ ಪುಟ, ಪಾಸ್‌ವರ್ಡ್ ಹಳೆಯದಾಯಿತು, ಹೊಸದು ಕೊಡಿ ಎಂದಿತು. ಅದಕ್ಕೇ ವಿರೂಪಣ್ಣನ ಅಳತೆಯನ್ನು ಇಲ್ಲಿ ಧೈರ್ಯವಾಗಿ ಬರೆದಿದ್ದೇನೆ.

"ಹೊಸದು ಏನ್ ಇಡೋಣ?" ರಜಿಯಾ ಕೇಳಿದರು. ಅವಳು ಮಾಡಿದಂತೆಯೇ ಮಾಡೋಣ, ಹೆಸರು ಮತ್ತು ನಾಲ್ಕು ಅಳತೆ, ಎಂದೆ. ಹೆಸರಿಗೆ ಯೋಚಿಸಬೇಕಾಗಲಿಲ್ಲ. ಅನಸೂಯಾ ಎಂದು ಕುಟ್ಟಿ ಅವರು ಬೆರಳು ಎತ್ತಿ ಹಿಡಿದು ಕಾದರು. "ಸೊಂಟ ಎಷ್ಟು, ಹೇಳ್ರಿ."

ಒಮ್ಮೆ ಅವಳು, "ನನಗೂ ಒಂದು ಜಂಪರ್ ಹೊಲೀರಿ" ಅಂದಿದ್ದಳು. "ನಾನು ಪ್ಯಾಂಟಿನ ಟೇಲರ್" ಅಂದಿದ್ದೆ. ಅವಳು ನಕ್ಕು, ಆಚೆ ಬೀದಿಯ ಲೇಡೀಸ್ ಟೇಲರ್ ಹತ್ತಿರ ಹೋಗಿ ಹೊಲಿಸಿಕೊಂಡಿದ್ದಳು.

ಆದರೂ ಪುಸ್ತಕವನ್ನು ಮೊದಲಿನಿಂದ ತಿರುವಿದೆ. ಅದರಲ್ಲಿ ನಮ್ಮ ಓಣಿಯ ಗಂಡಸರೆಲ್ಲ ಇದ್ದಾರೆ. ವರ್ಷವರ್ಷಕ್ಕೆ ದಪ್ಪವಾಗುತ್ತ ಹೋದ ನೀಲಮ್ಮನ ಗಂಡ ಮೂರು ಕಡೆ ಇದ್ದಾನೆ. ಟಗರೊಂದು ಇದೆ. ಅನಸೂಯಾಳ ಅಳತೆ ಇಲ್ಲ.