ಉಸಿರು ಹಿಡಿದವನ ದ್ವೀಪಯಾತ್ರೆ

ಈ ಸಲ ರಜಕ್ಕೆ ಹೋಗುವುದಾದರೆ ಸಮುದ್ರದ ದಡಕ್ಕಲ್ಲ, ಸಮುದ್ರದ ತಳಕ್ಕೇ ಎಂದು ನಾನು ಘೋಷಿಸಿದಾಗ ಭಾವಮೈದುನನ ಮನೆಯ ಊಟದ ಮೇಜು ಒಂದು ಗಳಿಗೆ ಸ್ತಬ್ಧವಾಯಿತು. ಆಗಬೇಕಾದದ್ದೇ! ಅಲ್ಲಿಯವರೆಗೆ ಅವನು ಯಾವುದೋ ಬೆಟ್ಟದ ಮೇಲಿನ ಹೋಟೆಲಿಗೆ ಹೋಗಿ ಬಂದ ಫೋಟೋಗಳನ್ನು ತೋರಿಸುತ್ತ, ಒಂದೊಂದು ಮೋಡಕ್ಕೂ ಒಂದೊಂದು ವಿವರಣೆ ಕೊಡುತ್ತಿದ್ದ. ಮೋಡ ನೋಡಲು ಅಷ್ಟು ದೂರ ಹೋಗಬೇಕೆ? ಮನೆಯ ತಾರಸಿ ಹತ್ತಿದರೆ ಸಾಲದೆ? ನಾನು ಎತ್ತಿದ್ದು ದ್ವೀಪದ ಮಾತು. ನೀಲಿ ನೀರಿನ ನಡುವೆ ಹಿಡಿಯಷ್ಟು ನೆಲ, ನೀರಿನಲ್ಲೇ ಕಂಬ ನೆಟ್ಟು ಕಟ್ಟಿದ ಕೋಣೆಗಳ ರೆಸಾರ್ಟು, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕೆಳಗಿಳಿದರೆ ಬಣ್ಣಬಣ್ಣದ ಮೀನುಗಳು. ನಾನು ವರ್ಣಿಸಿದ ರಭಸಕ್ಕೆ ಭಾವಮೈದುನನ ಮೋಡಗಳೆಲ್ಲ ಚದುರಿಹೋದವು.

ಹೆಂಡತಿಗೆ ಈ ವಿಷಯ ಮೊದಲೇ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ ಅನ್ನಿ. ದಾರಿಯುದ್ದಕ್ಕೂ ನಾನು ಸ್ಕೂಟರು ಓಡಿಸುತ್ತ ದ್ವೀಪವನ್ನೇ ವರ್ಣಿಸಿದೆ, ಅವಳು ಹಿಂದೆ ಕುಳಿತು ಕೇಳಿದಳು. ಮನೆಯ ತಿರುವು ಬಂದಾಗ ಮಾತ್ರ ಒಂದು ಮಾತು ಹೇಳಿದಳು.

"ಮದುವೆಯಾದಾಗಿನಿಂದ ನನ್ನ ಎಷ್ಟು ದೇಶ ಸುತ್ತಿಸಿದ್ದೀರಿ ನೀವು! ಎಲ್ಲಾ ಬಾಯಲ್ಲೇ."

ಮಾತು ಸುಳ್ಳಲ್ಲ. ಬಾಯಿಯೇ ನನ್ನ ಬಂಡವಾಳ. ನಲ್ಲಿ, ಷವರು, ಕಮೋಡು, ಸ್ನಾನದ ತೊಟ್ಟಿ ಮಾರುವ ದೊಡ್ಡ ಷೋರೂಮಿನಲ್ಲಿ ನಾನು ಹಿರಿಯ ಮಾರಾಟಗಾರ. ಒಂದು ನಲ್ಲಿಯ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲೆ, ಗಿರಾಕಿ ಓಡಿಹೋಗದಿದ್ದರೆ ಒಂದು ಗಂಟೆ. ಅಲ್ಲಿ ನನಗೆ 'ರೇಡಿಯೋ' ಎಂದೇ ಹೆಸರು. ಹೆಂಡತಿಗೆ ದಂತವೈದ್ಯರ ಬಳಿ ಸಹಾಯಕಿಯ ಕೆಲಸ. ಹಗಲೆಲ್ಲ ಬಾಯಿ ತೆರೆದೂ ಮಾತಾಡಲಾಗದವರ ನಡುವೆ ಇದ್ದು, ಸಂಜೆ ಮನೆಗೆ ಬಂದರೆ ಬಾಯಿ ಮುಚ್ಚಲಾಗದ ನಾನು! ಪಾಪ, ಅವಳ ಹಣೆಬರಹ.

ಆದರೆ ಈ ಸಲ ನನ್ನ ಮಾತು ಆರುವ ಮೊದಲೇ ಅವಳು ಅದನ್ನು ಹಿಡಿದುಹಾಕಿದಳು. ಮಾರನೆಯ ದಿನವೇ ದ್ವೀಪದ ರೆಸಾರ್ಟಿನಲ್ಲಿ ನಮ್ಮಿಬ್ಬರಿಗೆ ಕೋಣೆ ಗೊತ್ತಾಯಿತು, ಟಿಕೆಟ್ಟೂ ಆಯಿತು. ಇನ್ನೊಂದು ತಿಂಗಳಿಗೆ ಪ್ರಯಾಣ. ಆ ಸಂಜೆ ನಾನು ತರಕಾರಿ ಚೀಲ ಹಿಡಿದು ಎರಡನೆಯ ಮಹಡಿಯ ನಮ್ಮ ಮನೆಗೆ ಹತ್ತಿ ಬಂದಾಗ ಅವಳು ಬಾಗಿಲಲ್ಲಿ ನಿಂತು ನನ್ನ ಏದುಸಿರನ್ನೇ ನೋಡುತ್ತಿದ್ದಳು. ನಾಲ್ಕು ಮೆಟ್ಟಿಲಿಗೇ ಈ ಪಾಡಾದರೆ ನೀರೊಳಗೆ ಏನು ಗತಿ, ಮೀನು ನೋಡೋಕೆ ಹೋಗಿ ಮೀನಿಗೇ ಊಟ ಆಗ್ತೀರಾ ಎಂದು ಕೇಳಿದಳು. ನನ್ನ ಸ್ವಾಭಿಮಾನ ಸಿಡಿದೆದ್ದಿತು. ಉತ್ತರ ಕೊಡೋಣವೆಂದರೆ ಉಸಿರಿರಲಿಲ್ಲ.

ಅಂದೇ ನಿರ್ಧರಿಸಿದೆ. ಯಾರಿಗೂ ತಿಳಿಯದಂತೆ ಉಸಿರು ಹಿಡಿಯುವ ಅಭ್ಯಾಸ ಮಾಡಬೇಕು! ಗಾಳಿಗೆ ಸಿಲಿಂಡರು ಕೊಡುತ್ತಾರಲ್ಲ ಎಂದು ನೀವು ಕೇಳಬಹುದು. ಸ್ವಾಮಿ, ನಾನು ವಾಲ್ವು ಮಾರುವವನು. ಇಂದು ಗಟ್ಟಿಮುಟ್ಟಾಗಿರುವ ವಾಲ್ವು ನಾಳೆ ಹೇಗೆ ಕೈಕೊಡುತ್ತದೆ, ಕೈಕೊಟ್ಟ ಮೇಲೆ ಅಂಗಡಿಯವರು ಹೇಗೆ ಕೈತೊಳೆದುಕೊಳ್ಳುತ್ತಾರೆ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರಾರು? ಯಂತ್ರವನ್ನು ನಂಬಿ ಸಮುದ್ರಕ್ಕೆ ಇಳಿಯುವ ದಡ್ಡ ನಾನಲ್ಲ. ಎದೆಯೊಳಗೇ ಒಂದು ಸಿಲಿಂಡರು ತಯಾರು ಮಾಡಿಕೊಳ್ಳಲು ಹೊರಟೆ.

ಅಭ್ಯಾಸಕ್ಕೆ ಸಂಜೆಯ ಸೋಫಾ ಪ್ರಶಸ್ತವೆನಿಸಿತು. ಟಿವಿ ನೋಡುವವನಂತೆ ಕುಳಿತು, ಎದೆ ತುಂಬ ಗಾಳಿ ಎಳೆದು ತುಟಿ ಬಿಗಿದೆ. ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ, ಆದರೂ ಹಟ ಬಿಡಲಿಲ್ಲ. ಪಕ್ಕದಲ್ಲಿ ಹೆಂಡತಿ ಬಟ್ಟೆ ಮಡಚುತ್ತ ಏನೋ ಹೇಳುತ್ತಿದ್ದಳು. ನನ್ನ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಕಣ್ಣ ಮುಂದೆ ಚುಕ್ಕೆಗಳು ಕುಣಿಯತೊಡಗಿದಾಗ ಉಸ್ಸೆಂದು ಉಸಿರು ಬಿಟ್ಟೆ. ಅವಳು ತೃಪ್ತಿಯಿಂದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳು ಏನು ಹೇಳಿದಳೆಂದು ತಿಳಿದದ್ದು ಮರುದಿನ ಅತ್ತೆಯವರ ಫೋನು ಬಂದಾಗ.

"ನಿಮ್ಮದು ದೊಡ್ಡ ಮನಸ್ಸು ಅಳಿಯಂದಿರೇ. ನನ್ನನ್ನೂ ಕರ್ಕೊಂಡು ಹೋಗೋಣ ಅಂತ ಇವಳು ಕೇಳಿದ್ದಕ್ಕೆ ನೀವು ಒಂದು ಮಾತೂ ಆಡಲಿಲ್ಲವಂತೆ."

ಮೌನಂ ಸಮ್ಮತಿ ಲಕ್ಷಣಂ! ಈ ಗಾದೆಯನ್ನು ಕಟ್ಟಿದ ಮಹಾನುಭಾವ ಸಿಕ್ಕಿದರೆ ಅವನನ್ನು ಮೊದಲು ನೀರಿಗೆ ತಳ್ಳಬೇಕು. ಅದರಲ್ಲೂ ನನ್ನಂಥವನ ಮೌನವೆಂದರೆ ಬರಗಾಲದಲ್ಲಿ ಬಿದ್ದ ಮಳೆ, ಅದನ್ನು ಯಾರು ತಾನೇ ವ್ಯರ್ಥವಾಗಲು ಬಿಡುತ್ತಾರೆ? ಆದರೆ ಅತ್ತೆಯವರ ಸಂತೋಷದ ಧ್ವನಿ ಕೇಳಿದ ಮೇಲೆ ಅಲ್ಲವೆನ್ನಲು ನಾಲಿಗೆ ಏಳಲಿಲ್ಲ. ಹೋಗಲಿ, ವಯಸ್ಸಾದವರು, ದಡದಲ್ಲಿ ಕುಳಿತಿರುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಆಮೇಲೂ ದಿನಾ ಸಂಜೆ ಸೋಫಾದಲ್ಲಿ ನನ್ನ ಅಭ್ಯಾಸ ನಡೆಯಿತು, ಪಕ್ಕದಲ್ಲಿ ಅವಳ ಮಾತೂ ನಡೆಯಿತು; ಎರಡನೆಯ ಏಟು ಬಿದ್ದ ಸಂಜೆ ಮಾತ್ರ ಎಲ್ಲವೂ ಸ್ಪಷ್ಟವಾಗಿ ಕೇಳಿಸಿತು. ನನ್ನ ಹಳೆಯ ದಾಖಲೆ ಮುರಿಯಲು ಇನ್ನೇನು ಕೆಲವೇ ಕ್ಷಣ ಬಾಕಿ. ಅಂಥ ಹೊತ್ತಿನಲ್ಲಿ ಅವಳು, ಅಮ್ಮನ ಜೊತೆಗೆ ತಮ್ಮ ಮತ್ತು ಅವನ ಹೆಂಡತಿಯೂ ಬಂದರೆ ಹೇಗೆ, ಪಕ್ಕದ ಕೋಣೆ ಖಾಲಿ ಇದೆಯಂತೆ ಎಂದಳು. ಭಾವಮೈದುನ! ಯಾರ ಹೊಟ್ಟೆ ಉರಿಸಲೆಂದು ಈ ದ್ವೀಪ ಹುಟ್ಟಿತೋ ಅವನೇ! ಬೇಡ ಎನ್ನಲು ಕೈ ಬೀಸಿದೆ, ಕಣ್ಣು ಹೊರಳಿಸಿದೆ, ತಲೆ ಅಲ್ಲಾಡಿಸಿದೆ. ಆದರೆ ಉಸಿರು ಕಟ್ಟಿದವನ ತಲೆ ಅಡ್ಡಕ್ಕೆ ಅಲ್ಲಾಡಿತೋ ಉದ್ದಕ್ಕೆ ಅಲ್ಲಾಡಿತೋ ಹೇಳುವವರು ಯಾರು? ನಾನು ಉಸಿರು ಬಿಟ್ಟು ಬಾಯಿ ತೆರೆಯುವಷ್ಟರಲ್ಲಿ ಅವಳು ಫೋನಿನಲ್ಲಿ, ಭಾವ ತಲೆದೂಗಿಬಿಟ್ಟರು ಕಣೋ ಎಂದು ತಮ್ಮನಿಗೆ ಹೇಳಿಯಾಗಿತ್ತು. ದಾಖಲೆಯನ್ನೇನೋ ಮುರಿದೆ. ಮುರಿದದ್ದು ಅದೊಂದೇ ಅಲ್ಲ ಎಂದು ಆಗಲೇ ಗೊತ್ತಾಯಿತು.

ಇಷ್ಟಾದ ಮೇಲೆ ಬುದ್ಧಿಯಿದ್ದವನು ಮನೆಯಲ್ಲಿ ಅಭ್ಯಾಸ ನಿಲ್ಲಿಸುತ್ತಾನೆ. ನನಗೆ ಬುದ್ಧಿ ಇತ್ತು, ಅಭ್ಯಾಸವನ್ನು ಷೋರೂಮಿಗೆ ವರ್ಗಾಯಿಸಿದೆ. ಮೊದಲ ದಿನವೇ ಒಬ್ಬ ಕಂಟ್ರಾಕ್ಟರು ಬಂದ. ದೊಡ್ಡ ಸ್ನಾನದ ತೊಟ್ಟಿಯೊಂದನ್ನು ತಟ್ಟಿ ನೋಡಿ, ಬಾಯಿಗೆ ಬಂದ ಬೆಲೆಗೆ ಕೇಳಿದ. ನಾನು ಆಗಷ್ಟೇ ಉಸಿರು ಹಿಡಿದಿದ್ದೆ. ಅವನು ನನ್ನ ಕೆಂಪೇರಿದ ಮುಖ ನೋಡಿ, ಬೇಸರ ಮಾಡ್ಕೋಬೇಡಿ ಎಂದು ತಾನೇ ಸ್ವಲ್ಪ ಏರಿಸಿದ. ನನ್ನ ಕಣ್ಣುಗಳು ಹೊರಬಂದವು. ಅವನು ಮತ್ತಷ್ಟು ಏರಿಸಿದ. ಕೊನೆಗೆ ಪೂರ್ತಿ ಬೆಲೆಗೆ ಬಂದು ನಿಂತಾಗ ನಾನು ನಿಟ್ಟುಸಿರು ಬಿಟ್ಟೆ, ಅವನು ಗೆದ್ದವನಂತೆ ಕೈ ಕುಲುಕಿ ಹೋದ. ನಮ್ಮ ಮಾಲೀಕರು ಗಾಜಿನ ಕೋಣೆಯಿಂದ ಇದನ್ನೆಲ್ಲ ನೋಡಿದ್ದರು. ಇಷ್ಟು ವರ್ಷ ನಾನು ಮಾತಾಡಿ ಎಷ್ಟು ವ್ಯಾಪಾರ ಕೆಡಿಸಿದ್ದೇನೋ ಎಂದು ಅವರ ಮುಖದ ಮೇಲೆ ಸ್ಪಷ್ಟವಾಗಿ ಬರೆದಿತ್ತು.

ಆ ಖುಷಿಯಲ್ಲೇ ಅವರು ಎಲ್ಲರನ್ನೂ ಕರೆದು ಮೀಟಿಂಗು ಇಟ್ಟರು. ಅವರ ಮೀಟಿಂಗೆಂದರೆ ಅವರು ಹೇಳುವುದು, ನಾವು ಕೇಳುವುದು. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ? ಹಿಂದಿನ ಸಾಲಿನಲ್ಲಿ ಕುಳಿತು ಎದೆಗೆ ಗಾಳಿ ತುಂಬಿಕೊಂಡೆ. ಊರಿನ ಆಚೆ ಬದಿಯಲ್ಲಿ ಹೊಸ ಷೋರೂಮು ಶುರುವಾಗುವುದು, ಮೊದಲ ವಾರ ಯಾರಾದರೂ ಹಿರಿಯರು ಬೆಳಗಿನಿಂದ ರಾತ್ರಿಯವರೆಗೆ ಅಲ್ಲೇ ನಿಂತು ನೋಡಿಕೊಳ್ಳಬೇಕಾಗಿರುವುದು, ಆ ವಾರವೇ ನನ್ನ ದ್ವೀಪದ ವಾರವಾಗಿರುವುದು, ಎಲ್ಲವೂ ದೂರದ ಬಾವಿಯೊಳಗಿನಿಂದ ಬಂದಂತೆ ಕೇಳಿಸಿತು. ನಮ್ಮ ರೇಡಿಯೋನೇ ನೋಡಿಕೊಳ್ಳಲಿ, ಆಕ್ಷೇಪ ಇದ್ದರೆ ಈಗಲೇ ಹೇಳಬೇಕು ಎಂದರು ಮಾಲೀಕರು. ಗಾಬರಿಯಿಂದ ಬಾಯಿ ತೆರೆದೆ. ಅಷ್ಟು ಹೊತ್ತು ಅದುಮಿಟ್ಟ ಗಾಳಿ ಒಮ್ಮೆಲೇ ನುಗ್ಗಿ ಬಂದು ಮಾತಿನ ಬದಲು ಕೆಮ್ಮು ಹೊರಟಿತು. ಕೆಮ್ಮಿ ಮುಗಿಸುವಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿ, ಕುರ್ಚಿ ಮಡಚಿ ಹೋಗಿದ್ದರು.

ಹಿಂದೆಯೇ ಅವರ ಗಾಜಿನ ಕೋಣೆಗೆ ಓಡಿದೆ. ರಜೆ, ಟಿಕೆಟ್ಟು, ದ್ವೀಪ, ಹೆಂಡತಿಯ ಆಸೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಅಷ್ಟು ಜನರ ಮುಂದೆ ಒಪ್ಕೊಂಡು ಈಗ ಹೀಗಂದ್ರೆ ಹೇಗಯ್ಯಾ? ಆಗಲೇ ಒಂದು ಮಾತು ಹೇಳಬಾರದಿತ್ತಾ? ಮಾತಿಗೇನು ನಿನ್ನ ಹತ್ರ ಬಡತನವಾ?"

ಇಂಗು ತಿಂದ ಮಂಗನಂತೆ ಮನೆಗೆ ಬಂದೆ. ಇಂದು ಎಲ್ಲವನ್ನೂ ಬಾಯಿಬಿಟ್ಟು ಹೇಳಿ, ಪ್ರಯಾಣವನ್ನೇ ಮುಂದಕ್ಕೆ ಹಾಕಿಸಬೇಕು ಎಂದುಕೊಂಡಿದ್ದೆ. ಹೆಂಡತಿ ಕನ್ನಡಿಯ ಮುಂದೆ ನೀರೊಳಗೆ ಹಾಕುವ ದೊಡ್ಡ ಕನ್ನಡಕ ಹಾಕಿಕೊಂಡು ಅತ್ತ ತಿರುಗಿ ಇತ್ತ ತಿರುಗಿ ನೋಡಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಅದನ್ನು ಹಣೆಗೇರಿಸಿದಳು.

"ಈ ತಿಂಗಳು ನಾನು ಮಾತಾಡಿದಷ್ಟು ಈ ಮನೇಲಿ ಯಾವತ್ತೂ ಮಾತಾಡಿಲ್ಲ ಗೊತ್ತಾ? ಮನಸ್ಸಲ್ಲಿದ್ದದ್ದೆಲ್ಲ ಹೇಳ್ಕೊಂಡೆ. ಹಗುರಾಗಿಬಿಟ್ಟಿದೆ."

ಮನಸ್ಸಲ್ಲಿದ್ದದ್ದು ಏನೇನು ಹೇಳಿಕೊಂಡಳೋ, ನಾನು ಗುಂಯ್ ಎನ್ನುವ ಸದ್ದು ಕೇಳುತ್ತ ಕುಳಿತಿದ್ದೆ. ಅದು ಬರಿಯ ಉಸಿರಿನ ಕಸರತ್ತು, ನಿನ್ನ ಮಾತು ಅರ್ಧ ಕೇಳಿಸಲೇ ಇಲ್ಲ ಎಂದು ಹೇಗೆ ಹೇಳಲಿ? ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು. ಷೋರೂಮಿನ ಸುದ್ದಿಯನ್ನಷ್ಟೇ ಹೇಳಿ, ನೀವೆಲ್ಲ ಹೋಗಿ ಬನ್ನಿ, ನಮ್ಮ ಕೋಣೆಯಲ್ಲಿ ನನ್ನ ಜಾಗಕ್ಕೆ ಅತ್ತೆಯವರು ಬರಲಿ ಎಂದು ತ್ಯಾಗಮೂರ್ತಿಯಂತೆ ಎದೆಯುಬ್ಬಿಸಿ ನಿಂತೆ. ಬೇಡ ರೀ, ನೀವಿಲ್ಲದೆ ಹೇಗೆ ಎಂದು ಅವಳು ಒತ್ತಾಯಿಸಬಹುದೆಂಬ ಸಣ್ಣದೊಂದು ಆಸೆ ಇತ್ತು. ಅವಳು ನನ್ನ ಅಂಗಿಗಳನ್ನು ಪೆಟ್ಟಿಗೆಯಿಂದ ತೆಗೆದು, ಆ ಜಾಗದಲ್ಲಿ ಅತ್ತೆಯವರ ಶಾಲು ಇಟ್ಟಳು.

ಅವರು ಹೊರಟರು. ನಾನು ಹೊಸ ಷೋರೂಮಿನಲ್ಲಿ ಒಂದು ತೊಟ್ಟು ನೀರೂ ಇಲ್ಲದ ತೊಟ್ಟಿಗಳ ನಡುವೆ ನಿಂತು, ಬಾರದ ಗಿರಾಕಿಗಳ ದಾರಿ ಕಾಯತೊಡಗಿದೆ. ಭಾವಮೈದುನ ಗಂಟೆಗೊಂದು ಫೋಟೋ ಕಳಿಸುತ್ತಿದ್ದ. ಮೋಡಗಳೇ ವಾಸಿಯಾಗಿದ್ದವು. ಮಧ್ಯಾಹ್ನ ಹೆಂಡತಿಯ ಫೋನು ಬಂತು. ಅವಳ ಧ್ವನಿ ಅಷ್ಟು ಎಳೆಯದಾಗಿದ್ದುದನ್ನು ನಾನು ಮದುವೆಯ ಹೊಸತರಲ್ಲಿ ಕೇಳಿದ್ದೆನೋ ಏನೋ.

"ಇವತ್ತು ಮೊದಲನೇ ಪಾಠ ಆಯ್ತು ರೀ. ನೀರೊಳಗೆ ಏನು ಮರೆತರೂ ಪರವಾಗಿಲ್ಲ, ಉಸಿರು ಮಾತ್ರ ಹಿಡೀಬೇಡಿ, ಉಸಿರಾಡ್ತಾನೇ ಇರಿ ಅಂದ್ರು ಡೈವಿಂಗ್ ಮೇಷ್ಟ್ರು. ಹಿಡಿದರೆ ಶ್ವಾಸಕೋಶಕ್ಕೇ ಅಪಾಯವಂತೆ. ನಿಮ್ಮಲ್ಲಿ ಯಾರಿಗಾದ್ರೂ ಉಸಿರು ಹಿಡಿಯೋ ಚಟ ಇದೆಯಾ ಅಂತ ಕೇಳಿದರು. ಒಬ್ಬರಿಗಿದೆ, ಅವರನ್ನ ಮನೇಲೇ ಬಿಟ್ಟು ಬಂದಿದ್ದೀವಿ ಅಂದೆ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ.

"ನಿನಗೆ ಗೊತ್ತಿತ್ತಾ?"

"ಮೊದಲನೇ ದಿನವೇ. ನೀವು ಅಷ್ಟು ಹೊತ್ತು ಸುಮ್ಮನೆ ಕೂತಿದ್ದು ಕಂಡು ಗಾಬರಿಯಾಗಿ ಮುಖ ನೋಡಿದೆ. ಕೆನ್ನೆ ಎರಡೂ ಬಲೂನು."

"ಮತ್ತೆ ಹೇಳಬಾರದಿತ್ತಾ?"

"ಹೇಳಿದ್ರೆ ಉಸಿರು ಬಿಡ್ತಿದ್ರಿ. ಬಿಟ್ಟರೆ ಮಾತು ಶುರು. ನನ್ನ ಸರದಿ ಬರ್ತಿದ್ದದ್ದೇ ನೀವು ಉಸಿರು ಹಿಡಿದಾಗ."

ಉತ್ತರ ಹುಡುಕಿದೆ. ಎದೆ ತುಂಬ ಗಾಳಿಯಿತ್ತು, ನಾಲಿಗೆ ಸರಿಯಾಗಿತ್ತು, ತುಟಿಗೆ ಯಾವ ಬಿಗಿಯೂ ಇರಲಿಲ್ಲ. ಮಾತೊಂದೇ ಇರಲಿಲ್ಲ. ಆ ಕಡೆಯಿಂದ ಅಲೆಗಳ ಸದ್ದು, ಅತ್ತೆಯವರ ನಗು ಕೇಳಿಸುತ್ತಿತ್ತು. ಹೆಂಡತಿ ಮೆಲ್ಲಗೆ ಕೇಳಿದಳು.

"ಇನ್ನೂ ಒಂದು ವಾರ ಇಲ್ಲೇ ಇರೋಣ ಅಂತಿದ್ದಾರೆ ಅಮ್ಮ. ಏನಂತೀರಿ?"

ನಾನು ಬಾಯಿ ತೆರೆದೆ. ಮಾತು ಹೊರಡಲಿಲ್ಲ.

"ಸರಿ ಹಾಗಾದ್ರೆ," ಎಂದು ಅವಳು ಫೋನ್ ಇಟ್ಟಳು.