ನಿಮಿಷಕ್ಕೆ ಎಂಟು ಚೀಲ

ಕಾಂತರಾಜು ಕಂಪಲಾಪುರದ ಹತ್ತಿರದ ಪಶು ಆಹಾರದ ಫ್ಯಾಕ್ಟರಿಯಲ್ಲಿ ಚೀಲ ತುಂಬುವ ಮಿಷನ್ನಿನ ಆಪರೇಟರ್. ಆ ದಿನ ಬೆಳಿಗ್ಗೆ ಅವನು ಮಿಷನ್ನಿನ ಧೂಳು ಒರೆಸುತ್ತಿರುವಾಗ ಮಾಲೀಕ ಶಶಿಕುಮಾರ್ ಬಂದು, ಮೂರು ಗಂಟೆಗೆ ಇಬ್ಬರು ಇದನ್ನು ನೋಡಲು ಬರುತ್ತಾರೆ, ಅವರೆದುರು ನಿಮಿಷಕ್ಕೆ ಎಂಟು ಚೀಲ ತುಂಬಬೇಕು, ಒಂದು ಸಲವೂ ನಿಲ್ಲಬಾರದು ಎಂದು ಹೇಳಿ ಹೊರಟುಹೋದರು. ಬರುವವರು ಯಾರು, ಯಾಕೆ ಎಂದು ಹೇಳಲಿಲ್ಲ. ಕೇಳುವ ಧೈರ್ಯ ಕಾಂತರಾಜುವಿಗೂ ಇರಲಿಲ್ಲ.

ಆ ಮಿಷನ್ ನಿಮಿಷಕ್ಕೆ ನಾಲ್ಕು ಚೀಲ ತುಂಬಿದರೆ ಅದೇ ಹೆಚ್ಚು. ಐವತ್ತು ಕೆಜಿ ಬೀಳಬೇಕಾದ ಕಡೆ ಒಮ್ಮೆ ನಲವತ್ತೇಳು, ಇನ್ನೊಮ್ಮೆ ಐವತ್ತಮೂರು ಬೀಳುತ್ತಿತ್ತು. ಒಮ್ಮೊಮ್ಮೆ ಚೀಲದ ಬಾಯನ್ನು ಹಿಡಿದಂತೆ ಮಾಡಿ ಕೈಬಿಡುತ್ತಿತ್ತು. ಒಮ್ಮೊಮ್ಮೆ ಮುನಿಸಿಕೊಂಡ ಅಳಿಯನ ಹಾಗೆ ಸುಮ್ಮನೆ ನಿಂತುಬಿಡುತ್ತಿತ್ತು. ಆರು ವರ್ಷದಿಂದ ಅದನ್ನು ಪುಸಲಾಯಿಸಿಕೊಂಡು ಬಂದಿದ್ದ ಕಾಂತರಾಜುವಿಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ.

ಸುದ್ದಿ ತಿಳಿದದ್ದೇ ತೂಕದ ಚೀಟಿ ಬರೆಯುವ ವಸಂತ್ ಮೊಬೈಲು ಹಿಡಿದುಕೊಂಡು ಬಂದ. ಅದರೊಳಗೆ ಒಂದು ಉಕ್ಕಿನ ಕೈ ತಾನೇ ಚೀಲ ಎತ್ತಿಕೊಂಡು, ತಾನೇ ಬಾಯಿ ಬಿಡಿಸಿ, ತುಂಬಿ, ಹೊಲಿದು ಮುಂದಕ್ಕೆ ತಳ್ಳುತ್ತಿತ್ತು. ಸುತ್ತಮುತ್ತ ಒಂದು ನರಪಿಳ್ಳೆಯೂ ಇರಲಿಲ್ಲ.

“ಬರೋರು ಇದನ್ನ ಮಾರೋರೇ ಕಣಣ್ಣ. ನಿನ್ ಮಿಷನ್ ಒಂದ್ಸಾರಿ ನಿಂತ್ರೆ ಸಾಕು, ಇದು ಬಂದು ಕೂತ್ಕತದೆ. ಇದಕ್ಕೆ ಊಟ ಬ್ಯಾಡ, ರಜ ಬ್ಯಾಡ” ಎಂದ.

ಕಾಂತರಾಜು ತನ್ನ ಎರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡ. ಉಕ್ಕಿನ ಕೈಗೆ ಊಟ ಬೇಕಿರಲಿಲ್ಲ. ಇವಕ್ಕೆ ಮೂರು ಹೊತ್ತೂ ಬೇಕಿತ್ತು.

ಚೀಲದ ಬಾಯಿ ಹೊಲಿಯುವ ಮಾಯಮ್ಮ, ಮಿಷನ್ನಿಗೆ ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ತಂದು ನಿವಾಳಿಸಿದಳು. ಮೂರನೆಯ ಸುತ್ತಿಗೆ ಹಣ್ಣು ಕೈಜಾರಿ ಮಿಷನ್ನಿನ ಮೇಲಿನ ಹಿಂಡಿಯ ತೊಟ್ಟಿಯೊಳಗೆ ಬಿದ್ದು, ಹಿಂಡಿ ಬಿಡುವ ಕೆಳಗಿನ ಬಾಗಿಲಿನ ಸಂದಿಯಲ್ಲಿ ಸಿಕ್ಕಿಕೊಂಡಿತು. ಬಾಗಿಲು ಮುಚ್ಚಲೇ ಇಲ್ಲ. ಹಿಂಡಿ ಸುರಿದು ಚೀಲ ತುಂಬಿ, ನೆಲಕ್ಕೆ ಹರಿದು, ಕಾಂತರಾಜುವಿನ ಮೊಣಕಾಲಿನವರೆಗೂ ಬಂತು. ಮೂಟೆ ಹೊರುವ ಸಿದ್ದಯ್ಯನ ಲೆಕ್ಕವೇ ಬೇರೆ. ಮಿಷನ್ನಿಗೆ ಸೋಮಾರಿತನ ಹತ್ತಿದೆ, ವೇಗ ಕೊಟ್ಟರೆ ಸರಿಹೋಗುತ್ತದೆ ಎಂದು ಯಾರನ್ನೂ ಕೇಳದೆ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಮಾಯಮ್ಮ ಒಂದು ಚೀಲ ಹೊಲಿಯುವಷ್ಟರಲ್ಲಿ ನಾಲ್ಕು ಚೀಲ ಬಾಯಿ ತೆರೆದುಕೊಂಡೇ ಬಂದು ಅವಳ ಕಾಲಬುಡದಲ್ಲಿ ಮಗುಚಿದವು.

ಕಾಂತರಾಜು ಕರೆಂಟು ಆರಿಸಿದ. ಜ್ವರ ಅಂತ ಹೇಳಿ ಮನೆಗೆ ಹೋಗಿಬಿಡು ಎಂದು ಸಿದ್ದಯ್ಯ ಪಿಸುಗುಟ್ಟಿದ. ಕಾಂತರಾಜು ಆಸೆಯಿಂದ ಹಣೆ ಮುಟ್ಟಿಕೊಂಡು ನೋಡಿದ. ಹಣೆ ತಣ್ಣಗಿತ್ತು.

ಮಾಯಮ್ಮನೊಬ್ಬಳನ್ನು ಬಿಟ್ಟು ಉಳಿದವರು ಊಟಕ್ಕೆ ಹೋದರು. ಅವನಿಗೆ ಅನ್ನ ಇಳಿಯುವಂತಿರಲಿಲ್ಲ. ಸ್ವಿಚ್ಚನ್ನು ಯಾರೂ ಮುಟ್ಟದಂತೆ ಮಾಯಮ್ಮನನ್ನು ಕಾವಲಿಗೆ ನಿಲ್ಲಿಸಿ, ನಿಂಬೆಹಣ್ಣು ತೆಗೆಯಲು ತೊಟ್ಟಿಯ ಕೆಳಗೆ ತೂರಿದ. ಹಣ್ಣನ್ನು ಎಳೆದು ತೆಗೆಯುವಾಗ ಬಾಗಿಲಿನ ಅಂಚಿಗೆ ಕೈ ತಗಲಿ, ಬೆರಳುದಪ್ಪ ಗಟ್ಟಿ ಏನೋ ಸಿಕ್ಕಿತು. ಹಿಂಡಿಗೆ ಬೆರೆಸುವ ಕಾಕಂಬಿ, ಆ ಕಬ್ಬಿನ ಸಿಹಿ ಪಾಕ, ಅಲ್ಲಿ ಪದರ ಪದರವಾಗಿ ಅಂಟಿ ಕಲ್ಲಾಗಿತ್ತು. ಆ ಬಾಗಿಲು ಎಂದೂ ಪೂರ್ತಿ ಮುಚ್ಚಿರಲಿಲ್ಲ, ಪೂರ್ತಿ ತೆರೆದಿರಲೂ ಇಲ್ಲ.

ಟೀಗೆ ಕಾಯಿಸಿದ್ದ ನೀರನ್ನೆಲ್ಲ ಸುರಿದು, ಕೆರೆದು, ಒರೆಸಿ ಒಣಗಿಸಿದ. ಆಮೇಲೆ ಬೇರೇನೂ ಮುಟ್ಟದೆ ಹತ್ತು ಚೀಲ ತುಂಬುವುದನ್ನು ಕಣ್ಣು ಮಿಟುಕಿಸದೆ ನೋಡಿದ. ತೂಕ ಸರಿ ಬಂತು. ಆದರೆ ಚೀಲ ಕೈಬಿಡುವ ಮೊದಲು ಪ್ರತಿಸಲವೂ ಎಲ್ಲೋ ಸಣ್ಣಗೆ ಬುಸ್ ಅನ್ನುತ್ತಿತ್ತು. ಹಾವಿರಬಹುದೆಂದು ಮೊದಲು ಹಿಂದಕ್ಕೆ ನೆಗೆದ. ನೋಡಿದರೆ ಚೀಲ ಹಿಡಿಯುವ ಭಾಗಕ್ಕೆ ಹೋಗುವ ಗಾಳಿಯ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತು. ಮಿಷನ್ನಿನ ಹಿಡಿತವೆಲ್ಲ ಆ ತೂತಿನಲ್ಲಿ ಸೋರಿಹೋಗುತ್ತಿತ್ತು. ಆ ತುಂಡು ಕತ್ತರಿಸಿ, ಪೈಪನ್ನು ಮತ್ತೆ ಜೋಡಿಸಿ, ಎರಡು ಕ್ಲಿಪ್ಪು ಬಿಗಿದ. ಸಿದ್ದಯ್ಯ ತಿರುಗಿಸಿದ್ದ ಗುಂಡಿಯನ್ನು ನಿಮಿಷಕ್ಕೆ ಎಂಟು ಬರುವಷ್ಟಕ್ಕೆ ಇಳಿಸಿದ.

ಮೂರಕ್ಕೆ ಜೀಪು ಬಂತು. ಅದರಿಂದ ಕೈಗಡಿಯಾರ ಕಟ್ಟಿದ ಜಯಲಕ್ಷ್ಮಮ್ಮ ಎಂಬ ಹಿರಿಯ ಹೆಂಗಸು, ಜೊತೆಗೆ ದೊಡ್ಡಮಾದಯ್ಯ ಎಂಬವರು ಇಳಿದರು. ಇಬ್ಬರ ಮುಖದಲ್ಲೂ ನಗುವಿರಲಿಲ್ಲ. ಆಕೆ ಗಡಿಯಾರ ನೋಡಿ ತಲೆಯಾಡಿಸಿದರು. ಕಾಂತರಾಜು ಗುಂಡಿ ಒತ್ತಿದ.

ಒಂದು ನಿಮಿಷಕ್ಕೆ ಎಂಟು. ಮುಂದಿನ ನಿಮಿಷಕ್ಕೂ ಎಂಟು. ವಸಂತ್ ಚೀಲ ಹಿಡಿದು ಕೊಡುತ್ತಿದ್ದರೆ ಮಾಯಮ್ಮ ತಲೆ ಎತ್ತದೆ ಹೊಲಿದಳು. ಪ್ರತಿ ಚೀಲ ಬೀಳುವಾಗಲೂ ಕಾಂತರಾಜುವಿನ ಎದೆ ಒಮ್ಮೆ ನಿಂತು ಮತ್ತೆ ಶುರುವಾಗುತ್ತಿತ್ತು. ಅರ್ಧ ಗಂಟೆಯಲ್ಲಿ ಅವನ ಎದೆ ಇನ್ನೂರ ನಲವತ್ತು ಸಲ ನಿಂತಿತು, ಮಿಷನ್ ಒಂದು ಸಲವೂ ನಿಲ್ಲಲಿಲ್ಲ.

ಶಶಿಕುಮಾರ್ ಬಂದು ಅವನ ಬೆನ್ನು ತಟ್ಟಿದರು. “ಇದನ್ನ ಇವ್ರು ತಗೊಂಡ್ರು ಕಾಂತರಾಜು. ಇವತ್ತೂ ನಿಂತಿದ್ರೆ ಇನ್ನೊಂದೆರಡು ವರ್ಷ ನಾವೇ ಇದ್ರಲ್ಲಿ ತಳ್ಬೇಕಿತ್ತು. ಸೋಮವಾರ ನಮಗೆ ಹೊಸದು ಬತ್ತದೆ. ಅದಕ್ಕೆ ಆಪರೇಟರ್ ಬೇಕಾಗಲ್ಲ.”

ಕಾಂತರಾಜು ಹತ್ತಿರದಲ್ಲಿದ್ದ ಚೀಲದ ಮೇಲೆ ಕುಳಿತುಬಿಟ್ಟ. ಆಗ ಜಯಲಕ್ಷ್ಮಮ್ಮ, ಈ ಮನುಷ್ಯನನ್ನು ಬಿಟ್ಟು ಬರೀ ಮಿಷನ್ ತಮಗೆ ಬೇಡ, ಇದೇ ಸಂಬಳ, ಇರಲು ಒಂದು ರೂಮನ್ನೂ ಕೊಡುತ್ತೇವೆ ಎಂದರು. ಹೋದ ಪ್ರಾಣ ಬಂದಂತಾಗಿ ಅವನು ಎದ್ದು ಎರಡೂ ಕೈ ಮುಗಿದ. ಸೋಮವಾರವೇ ಬರುವುದಾಗಿ ಒಪ್ಪಿಕೊಂಡ. ಆಮೇಲೆ ಊರು ಯಾವುದೆಂದು ಕೇಳಿದ.

ಅಂತರಸಂತೆಯ ಆಚೆ, ಕಾಡಿಗೆ ತಗುಲಿದ ಹಾಗೇ ಇರುವ ನಮ್ಮ ಹಿಂಡಿ ಷೆಡ್ಡು ಎಂದರು ದೊಡ್ಡಮಾದಯ್ಯ. ಕಾಕಂಬಿಯ ವಾಸನೆಗೆ ಸಂಜೆ ಐದಾಗುತ್ತಲೇ ಆನೆಗಳು ಬರುತ್ತವೆ. ಅಷ್ಟರೊಳಗೆ ಎಲ್ಲ ತುಂಬಿ, ಲಾರಿಗೆ ಹಾಕಿ, ಜನ ಹೊರಟುಬಿಡಬೇಕು. ಇದುವರೆಗೆ ಕೈಯಲ್ಲಿ ತುಂಬುತ್ತಿದ್ದವರು ಎರಡು ಸಲ ಅರ್ಧಕ್ಕೇ ಬಿಟ್ಟು ಓಡಿದ್ದರು. ಅದಕ್ಕೇ ಬೇಗ ತುಂಬುವ, ನಡುವೆ ಕೈಕೊಡದ ಮಿಷನ್ನಿಗಾಗಿ ಹುಡುಕುತ್ತಿದ್ದರು.

ಮುಗಿದ ಕೈ ಹಾಗೇ ಉಳಿಯಿತು. “ನಡುವೆ ಎಲ್ಲಾದ್ರೂ ನಿಂತೋದ್ರೆ, ತಾಯಿ?” ಎಂದು ಕಾಂತರಾಜು ಕೇಳಿದ.

ಜಯಲಕ್ಷ್ಮಮ್ಮ ಬಂದಾಗಿನಿಂದ ಮೊದಲ ಸಲ ನಕ್ಕರು.

“ನಾವೆಲ್ಲ ಲಾರಿ ಅತ್ಕೊಂಡು ಒಂಟೋಗ್ತೀವಿ ಕಣಪ್ಪ. ರಿಪೇರಿಗೆ ನೀನು ಇರ್ತೀಯಲ್ಲ.”