ಮಾತು ಬಿಟ್ಟವರ ಮಂಜೂರಾತಿ

ಪದವಿಗಳಿಗೆ ಹೆಸರಿಟ್ಟು ಮಾನ್ಯತೆ ಕೊಡುವ ಕಚೇರಿ ದಿಲ್ಲಿಯಲ್ಲಿದೆ ಎಂದು ನಂಬಿದ್ದೀರಾ? ಹಾಗಾದರೆ ನೀವು ನಮ್ಮ ಭಾವನ ಅಂಗಡಿಯಲ್ಲಿ ಚಾ ಕುಡಿದಿಲ್ಲ. ಅದಿರುವುದು ಕುಮಟೆಯ ಹತ್ತಿರದ ಬಾಡದಲ್ಲಿ, ಭಜೆ ಕರಿಯುವ ಬಾಣಲೆಯ ಪಕ್ಕ!

ನನ್ನ ಅಕ್ಕನ ಗಂಡನಾದ ಈ ಮಹಾನುಭಾವ ಊರವರಿಗೆಲ್ಲ ಪದವಿ ಹಂಚುತ್ತಾನೆ. ಅದಕ್ಕೆ ನಿಯಮಗಳಿವೆ. ಹೆಸರಿನಲ್ಲಿ ಮಾಡುವ ಕೆಲಸವಿರಬೇಕು, ಬಡಾಯಿ ಇರಕೂಡದು. ಮತ್ತೆ, ಒಪ್ಪಿಗೆ ಕೊಡುವವರು ಅಭ್ಯರ್ಥಿಯೊಡನೆ ಮಾತು ಬಿಟ್ಟವರೇ ಆಗಬೇಕು. ಬೇಕಾದವರು ಹೊಗಳಿದರೆ ಅದು ಪರೀಕ್ಷೆಯಲ್ಲ, ನೆಂಟಸ್ತಿಕೆ ಎನ್ನುತ್ತಾನೆ. ಸ್ವಂತ ಹೆಂಡತಿಯ ಬಂಗಡೆ ಮೀನಿನ ಸಾರನ್ನೂ ಅವಳೊಡನೆ ಮಾತು ಬಿಟ್ಟಿದ್ದ ಪಕ್ಕದ ಮನೆಯವಳ ಹತ್ತಿರವೇ ಒಯ್ದ. ಆಕೆ ಪೂರ್ತಿ ಉಂಡು, ಬಟ್ಟಲು ತೊಳೆದು ಕಳಿಸಿ, ಹುಳಿ ಕಡಿಮೆಯೆಂದಳಂತೆ. ಅಕ್ಕ ಇವತ್ತಿಗೂ 'ಬಂಗಡೆ ಸಾರು, ಹುಳಿ ಬಾಕಿ' ಪದವೀಧರೆ!

ಇನ್ನು ನಾನು. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಭಟ್ಕಳದ ಜಾಲಿಯಿಂದ ಇಲ್ಲಿಯವರೆಗೆ ಚಿರೆಕಲ್ಲಿನ ಗೋಡೆ ಕಟ್ಟಿದ ಗವಂಡಿ. ಬಸ್ಸಿನಲ್ಲಿ ಹೋಗುವಾಗ ಯಾರೂ ಕೇಳದಿದ್ದರೂ "ಆ ಮನೆ ನಂದು" ಎಂದು ತೋರಿಸುವ ಚಾಳಿ. ಒಮ್ಮೆ ಹಾಗೆ ತೋರಿಸಿದಾಗ ಮನೆಯ ಯಜಮಾನನೇ ಪಕ್ಕದಲ್ಲಿ ಕೂತಿದ್ದ!

ಇಂಥವನಿಗೆ ಹೊನ್ನಾವರದಲ್ಲಿ ಪರೀಕ್ಷೆ ಮಾಡಿ, ಅನುಭವದಿಂದ ಕಲಿತ ಕೆಲಸಕ್ಕೆಂದು ಸರಕಾರ ಒಂದು ಪ್ರಮಾಣಪತ್ರ ಕೊಟ್ಟಿತು: 'ಪೂರ್ವ ಕಲಿಕೆಯ ಮಾನ್ಯತೆ: ಸಹಾಯಕ ಗವಂಡಿ.' ಚೌಕಟ್ಟು ಹಾಕಿಸಿ, ಎದೆಗವುಚಿಕೊಂಡು ಭಾವನ ಅಂಗಡಿಗೆ ಹೋದೆ. ಅವನು ಕನ್ನಡಕ ಏರಿಸಿ ಓದಿದ.

"ಪೂರ್ವ ಕಲಿಕೆ ಅಂದ್ರೆ ಎಂತದಾ ತಮಾ? ಹೋದ ಜನ್ಮದ್ದಾ?"

ಬೆಂಚಿನವರು ನಕ್ಕರು.

"ನೀನು ಸಹಾಯಕ ಆದ್ರೆ, ಗೋಡೆ ಕಟ್ಟಿದ್ದು ಯಾರು ಹಂಗಾರೆ?"

ಹಾಗಾದರೆ ನೀನೇ ಸರಿಯಾದ ಹೆಸರಿಟ್ಟು ಒಂದು ಪದವಿ ಕೊಡು ಎಂದೆ. ದನಿ ಬೇಡುವಂತೆ ಬಂದದ್ದು ನನಗೇ ಕೇಳಿಸಿತು. ತನಗೆ ಆ ಅಧಿಕಾರವಿಲ್ಲ ಎಂದುಬಿಟ್ಟ. ಊರಿಗೆಲ್ಲ ಕೊಡುವವನಿಗೆ ನನ್ನೊಬ್ಬನಿಗೆ ಕೊಡಲು ಅಧಿಕಾರವಿಲ್ಲವೇ? ಅವತ್ತಿನಿಂದ ಮಾತು ಬಿಟ್ಟೆ. ಚಾ ಕೂಡ ಕುಡಿಯದೆ ಗತ್ತಿನಿಂದ ನಡೆದೆ. ಅರ್ಧ ದಾರಿಯಲ್ಲಿ ನೋಡಿದರೆ, ಚೌಕಟ್ಟು ಅಲ್ಲೇ ಮರೆತು ಬಂದಿದ್ದೆ! ಮಾತು ಬಿಟ್ಟವನು ಕೇಳುವುದು ಹೇಗೆ?

ಅದಕ್ಕೂ ಮೊದಲೇ ಅಕ್ಕನಿಗೊಂದು ಮಾತು ಕೊಟ್ಟಿದ್ದೆ. ಅವಳ ಮೊಣಕಾಲು ಸೋತಿತ್ತು. ಭಾವನ ಕೈ ಹಿಡಿಯದೆ ಬಾವಿಗೆ ಹೋಗಲಾಗುತ್ತಿರಲಿಲ್ಲ. ಅಡುಗೆಮನೆಯಿಂದ ಬಾವಿಯವರೆಗೆ ಹಿಡಿದು ನಡೆಯಲು ಸೊಂಟದೆತ್ತರದ ಗೋಡೆ ಬೇಕಿತ್ತು. ಕೆಲಸ ಅಕ್ಕನದು, ಅವನದಲ್ಲ ಎಂದು ಮನಸ್ಸಿಗೆ ಸಮಜಾಯಿಷಿ ಹೇಳಿ ಕಟ್ಟಿದೆ. ಭಾವ ಮಾತಾಡದೆ ಚಾ ತಂದಿಡುತ್ತಿದ್ದ. ನಾನು ಮಾತಾಡದೆ ಕುಡಿಯುತ್ತಿದ್ದೆ. ಕೋಪ ಚಾದ ಮೇಲಲ್ಲವಲ್ಲ!

ಗೋಡೆ ಮುಗಿದ ದಿನ ಭಾವ ಬಂದ. ಕಣ್ಣು ಮುಚ್ಚಿ, ಅಂಗೈಯನ್ನು ಗೋಡೆಯ ಮೇಲೆ ಸವರುತ್ತ ಬಾವಿಯವರೆಗೆ ನಡೆದು ತಿರುಗಿ ಬಂದ. ನನ್ನನ್ನು ನೋಡದೆ ಅಕ್ಕನಿಗೆ ಹೇಳಿದ:

"ಕೈಗೆ ಎಲ್ಲೂ ಗೀರ್ಲಿಲ್ಲ. ಪದವಿ ಮಂಜೂರು ಅಂತ ಹೇಳು ಅವಂಗೆ."

"ನಿಮ್ಗೆ ಅಧಿಕಾರ ಇಲ್ಲ ಅಂದಿದ್ರಂತಲ್ಲ?"

"ಆವಾಗ ಅವ ನನ್ ಜೊತೆ ಮಾತಾಡ್ತಿದ್ದ. ಈಗ ಬಿಟ್ಟಾನಲ್ಲ."

ಪದವಿಯ ಹೆಸರೇನು ಎಂದು ಕೇಳಲು ನಾಲಿಗೆ ತುರಿಸಿತು. ಆದರೆ ಕೇಳಿದರೆ ಮಾತಾಡಿದ ಹಾಗೆ; ಮಂಜೂರಾತಿ ರದ್ದು!

ಅಷ್ಟರಲ್ಲಿ ಅಕ್ಕ ಮೆಟ್ಟಿಲಿನಿಂದೆದ್ದು ಗೋಡೆಗೆ ಕೈಯೂರಿದಳು. ಅಭ್ಯಾಸಬಲದಿಂದ ಭಾವ ಕೈ ಚಾಚಿದ. ಅವಳು ಹಿಡಿಯಲಿಲ್ಲ. ನಿಧಾನವಾಗಿ, ಒಬ್ಬಳೇ ಬಾವಿಯತ್ತ ನಡೆದಳು. ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳುವುದು ಮರೆತು ಭಾವ ಹಾಗೇ ನಿಂತಿದ್ದ.

ಆ ಕೈಯನ್ನು ನಾನು ಹಿಡಿದುಕೊಂಡೆ.

"ಭಾವಾ" ಎಂದೆ. ಪದವಿ ರದ್ದಾದರೆ ಆಗಲಿ.